ಅವ್ವನ ಮಾತು, ಆಯಿಯ ಮಾತು

ಬಸವನ ಬಾಗೇವಾಡಿ
೯ ಜೂನ್ ೨೦೨೪

ಪ್ರೀತಿಯ ಸುನೀತಾ,

ನಿನ್ನ ಮಗಳು ಕ್ಷೇಮವಾಗಿ ಮನೆ ಸೇರಿದಳು. ಉಂಡಳು. ಈಗ ನನ್ನ ಮಗ ಅಮಿತನ ಹಾಸಿಗೆಯಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ಹಿಡಿದು ಮಧ್ಯಾಹ್ನದ ನಿದ್ದೆ ಹೊಡೆಯುತ್ತಿದ್ದಾಳೆ. ಅಮಿತ ನೆಲದ ಮೇಲೆ ಕುಳಿತು ಅವಳು ಯಾವಾಗ ಏಳುತ್ತಾಳೆ ಎಂದು ಕಾಯುತ್ತಿದ್ದಾನೆ.

ಬಸ್ಸು ಮುದ್ದೇಬಿಹಾಳ ದಾಟುವವರೆಗೂ ನೀಲಾ ಕಿಟಕಿಯಿಂದ ಹಿಂದಕ್ಕೇ ನೋಡುತ್ತಿದ್ದಳು. ಆಮೇಲೆ ನನ್ನ ಸೆರಗು ಎಳೆದು ಕೈಯಲ್ಲಿ ಏನೋ ಕೇಳಿದಳು. ನನಗೆ ತಿಳಿಯಲಿಲ್ಲ. ಬಿಸ್ಕೀಟು ಕೊಟ್ಟೆ. ಅದಲ್ಲ ಎಂದು ತಲೆ ಅಲ್ಲಾಡಿಸಿದಳು, ಬಿಸ್ಕೀಟನ್ನು ಮಾತ್ರ ಬಿಡಲಿಲ್ಲ. ಬೆರಳನ್ನು ಮೂಗಿನ ಪಕ್ಕಕ್ಕೆ ತಂದು ಮುಟ್ಟಿ, ಆಮೇಲೆ ಅಂಗೈ ತಿರುವುತ್ತಾಳಲ್ಲ, ಅದೇನು? ಬರೆದು ತಿಳಿಸು.

ಬರುವಾಗ ದಾರಿಯಲ್ಲೇ ಕಿವಿ ಡಾಕ್ಟರಿಗೆ ತೋರಿಸಿದೆ. ನೀನು, ನಿನ್ನ ಗಂಡ ಸಿದ್ಧರಾಮ ಇಬ್ಬರಿಗೂ ಕಿವಿ ಕೇಳುವುದಿಲ್ಲ, ತಂಗಡಗಿಯ ಹೊರಗೆ ಹೊಲದಲ್ಲಿ ಒಂಟಿ ಮನೆ, ಇವಳಿಗೆ ಎರಡು ವರ್ಷ ತುಂಬುವ ಹೊತ್ತಿಗೆ ಕೊರೋನಾ ಬಂದು ಅಂಗನವಾಡಿಯೂ ಮುಚ್ಚಿತು, ಆಮೇಲೆ ತೆರೆದಾಗಲೂ ಹೊಳೆದಂಡೆಯಿಂದ ಅಷ್ಟು ದೂರ ಕಳಿಸಲಾಗಲಿಲ್ಲ ಎಂದು ಎಲ್ಲ ಹೇಳಿದೆ. ಅವರು ಪರೀಕ್ಷೆ ಮಾಡಿ ಅಂದರು, "ಕಿವಿ ಮಸ್ತ್ ಅದಾವ್ರಿ. ಹುಡುಗಿ ಶಾಣ್ಯಾ ಐತಿ. ಮಾತು ಕಿವಿಗೆ ಬಿದ್ದಿಲ್ಲ, ಅದಕ್ಕ ಬಾಯಿಗೆ ಬಂದಿಲ್ಲ, ಅಷ್ಟ."

ಅಷ್ಟೇ, ಸುನೀತಾ. ಕೇಳಿ ನನಗೆ ಆಸ್ಪತ್ರೆಯ ಮೆಟ್ಟಿಲು ಇಳಿದದ್ದೇ ನೆನಪಿಲ್ಲ. ಮನೆಗೆ ಬಂದು ಹೇಳಿದರೆ ನಮ್ಮ ಅತ್ತೆ ಶೇವಂತೆವ್ವ ಆಗಲೇ ಸೊಂಟ ಕಟ್ಟಿದ್ದಾರೆ. "ನಮ್ಮ ಮನ್ಯಾಗ ಗ್ವಾಡಿಗೂ ಬಾಯಿ ಅದಾವ. ದೀಪಾವಳಿ ಬರೂದ್ರಾಗ ಈ ಕೂಸು ನನ್ನ ಬಾಯಿ ಮುಚ್ಚಸ್ತೈತಿ, ನೋಡ್ತಿರು," ಅಂದರು. ಅವರ ಬಾಯಿ ಮುಚ್ಚಿಸಿದವರು ಈ ಊರಲ್ಲಿ ಇನ್ನೂ ಹುಟ್ಟಿಲ್ಲ.

ವಿಡಿಯೋ ಕಾಲ್ ಕೆಲವು ದಿನ ಬೇಡ. ನಿನ್ನ ಮುಖ ಕಂಡರೆ ಅತ್ತು ಊಟ ಬಿಡುತ್ತಾಳೆ. ನೀನು ಕಿವುಡ ಮಕ್ಕಳ ಶಾಲೆಯ ಹಾಸ್ಟೆಲ್ ಸೇರಿದ ದಿನದಿಂದ ನಾವಿಬ್ಬರೂ ಕಾಗದದಲ್ಲೇ ಮಾತಾಡಿದವರು, ಈಗಲೂ ಹಾಗೇ ಇರಲಿ. ಮೆಸೇಜಿನಲ್ಲಿ ನನ್ನ ಮಾತು ಮುಗಿಯುವುದೂ ಇಲ್ಲ.

ನಿನ್ನ ಅಕ್ಕ,
ಭಾಗ್ಯಜ್ಯೋತಿ


ತಂಗಡಗಿ
೧೯ ಜೂನ್ ೨೦೨೪

ಅಕ್ಕಾ,

ಪತ್ರವನ್ನು ಮೊದಲು ನಾನು ಓದಿದೆ. ಆಮೇಲೆ ಮನೆಯವರಿಗೆ ಕೈಯಲ್ಲಿ ಹೇಳಿದೆ. ಡಾಕ್ಟರು ಹೇಳಿದ ಭಾಗವನ್ನು ಇನ್ನೊಮ್ಮೆ ಹೇಳು ಎಂದರು. ಹೇಳಿದೆ. ಮತ್ತೂ ಒಮ್ಮೆ ಹೇಳಿಸಿಕೊಂಡು ಹೊಲಕ್ಕೆ ಹೋದರು.

ನೀನು ಕೇಳಿದ್ದಕ್ಕೆ ಉತ್ತರ. ಮೂಗಿನ ಪಕ್ಕಕ್ಕೆ ಬೆರಳು ಇಟ್ಟರೆ ಮೂಗುಬೊಟ್ಟು. ಅಂದರೆ ಅವ್ವ. ಅಂಗೈ ತಿರುವಿದರೆ ಎಲ್ಲಿ. ಬಸ್ಸಿನಲ್ಲಿ ಅವಳು ನಿನ್ನನ್ನು ಕೇಳಿದ್ದು ಅದು.

ಅವಳಿಗೆ ಹೀಗೆ ಹೇಳು. ಮೂಗಿನ ಪಕ್ಕ ಬೆರಳು ಇಡು. ಆಮೇಲೆ ಎರಡೂ ಕೈಗಳನ್ನು ಸೂರಿನ ಹಾಗೆ ಸೇರಿಸು. ಅವ್ವ ಮನೆಯಲ್ಲಿ ಇದ್ದಾಳೆ ಎಂದು ಅರ್ಥ. ಸಾಕು. ಅವಳು ನಿದ್ದೆ ಮಾಡುತ್ತಾಳೆ.

ಇಬ್ಬರೂ ಕಿವುಡರಾದರೆ ಮಕ್ಕಳಿಗೆ ಮಾತು ಯಾರು ಕಲಿಸುತ್ತಾರೆ ಎಂದು ನಮ್ಮ ಮದುವೆಯ ಸಮಯದಲ್ಲಿ ನೀನು ಹೇಳಿದ ಮಾತನ್ನು ನಾನು ಎತ್ತುವುದಿಲ್ಲ. ನೀನು ನನ್ನ ಮಗಳಿಗೆ ಮಾತು ಕೊಡುತ್ತೇನೆ ಎಂದು ಬಂದೆ. ನಾನು ಕಳಿಸಿದೆ. ಅವಳು ಹೋದ ಮೇಲೆ ಈ ಮನೆಯಲ್ಲಿ ಮಾತು ಕಡಿಮೆಯಾಗಿದೆ. ಇದನ್ನು ಓದಿ ನೀನು ನಗಬಹುದು. ಆದರೆ ನಮ್ಮ ಮನೆಯಲ್ಲೂ ದಿನವಿಡೀ ಮಾತು ಇರುತ್ತಿತ್ತು.

ಸುನೀತಾ


ಬಸವನ ಬಾಗೇವಾಡಿ
೨೧ ಜುಲೈ ೨೦೨೪

ಪ್ರೀತಿಯ ಸುನೀತಾ,

ಈ ವಾರ ಶಾಲೆಯಿಂದ ಕರೆ ಬಂತು. ಯಾಕೆಂದು ಕೇಳಿದರೆ ನೀನೂ ನನ್ನ ಹಾಗೆ ಮೊದಲು ಹೆದರಿ ಆಮೇಲೆ ಕುಣಿಯುತ್ತೀಯ.

ಇಲ್ಲಿ ಒಂದರಿಂದ ಮೂರನೇ ತರಗತಿಯವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ ಕಲಿಯುತ್ತಾರೆ. ನೀಲಾ ಒಂದನೇ ತರಗತಿ, ಅಮಿತ ಮೂರನೇ ತರಗತಿ. ಟೀಚರ್ ಹೆಸರು ಸಗೀರಾ. ಮೊದಲ ತಿಂಗಳು ನೀಲಾ ಬಾಯಿ ತೆರೆಯಲೇ ಇಲ್ಲ, ಮೂಲೆಯಲ್ಲಿ ಕುಳಿತು ಎಲ್ಲರ ತುಟಿ ನೋಡುತ್ತಿದ್ದಳು. ಆದರೆ ಕಳೆದ ಕೆಲವು ದಿನಗಳಿಂದ ಟೀಚರಿಗೆ ಒಂದು ವಿಚಿತ್ರ ಕಂಡಿದೆ. ಕೋಣೆ ತಣ್ಣಗಾಗಿಬಿಟ್ಟಿದೆ. ಗದ್ದಲವೇ ಇಲ್ಲ. ತಾವು ಗದರಿಸಿದ್ದಕ್ಕೆ ಮಕ್ಕಳು ಸುಧಾರಿಸಿದರು ಎಂದು ಮೊದಲು ಖುಷಿಪಟ್ಟರಂತೆ. ಆಮೇಲೆ ಹಲಗೆಯ ಮೇಲೆ ಒಂದು ಲೆಕ್ಕ ಹಾಕಿದರೆ ಕಿಟಕಿಯ ಹತ್ತಿರದವನಿಗೂ ಬಾಗಿಲ ಹತ್ತಿರದವನಿಗೂ ಒಂದೇ ತಪ್ಪು ಉತ್ತರ ಬಂದಿದೆ.

"ನಾ ಹೊಳ್ಳಿ ನೋಡ್ತೇನಿ, ಭಾಗ್ಯಕ್ಕಾ, ಇಡೀ ವರ್ಗದ ಕೈ ಆಡಾಕತ್ತಾವ," ಅಂದರು ಟೀಚರ್. "ನಿಮ್ಮ ಅಮಿತ ಈ ಕಡಿಯಿಂದ ಕೇಳ್ತಾನ, ನಿಮ್ಮ ಹುಡುಗಿ ಆ ಕಡಿಯಿಂದ ಉತ್ತರಾ ಕೊಡ್ತಾಳ, ನಡುವ ಕುಂತ ಪೋರ ಅದನ್ನ ಹಿಂದಿನವ್ರಿಗೆ ದಾಟಸ್ತೈತಿ. ಎಷ್ಟ ದಿನಾತೋ ಏನೋ, ನನ್ನ ಕಣ್ಣಾಗ ಮಣ್ಣು ಹಾಕ್ಯಾವ್ರಿ."

ನಿನ್ನ ಮಗಳು ಮೂಲೆಯಲ್ಲಿ ಸುಮ್ಮನೆ ಕೂತಿರಲಿಲ್ಲ, ಸುನೀತಾ. ಅವಳು ಅಮಿತನಿಗೆ ಕಲಿಸಿದಳು, ಅಮಿತ ಊರಿಗೆಲ್ಲ ಹಂಚಿದ. ಮನೆಯಲ್ಲಿ ನನಗೇ ಗೊತ್ತಾಗಿಲ್ಲ, ಇಬ್ಬರೂ ಜಗಳವಾಡುತ್ತಿದ್ದಾರೆ ಎಂದುಕೊಂಡಿದ್ದೆ.

ನಾನು ಕ್ಷಮೆ ಕೇಳಲು ಬಾಯಿ ತೆರೆದರೆ ಟೀಚರ್ ತಡೆದರು. "ಈ ಹುಡುಗಿಗೆ ಮಾತು ಇಲ್ಲ ಅಂತ ಹೇಳಿ ಸೇರಿಸಿದ್ರಲ್ಲ. ಇಷ್ಟು ಮಾತಾಡೂ ಹುಡುಗಿ ನನ್ನ ವರ್ಗದಾಗ ಇನ್ನೊಂದಿಲ್ಲ. ಒಂದು ಭಾಷಾ ಇಷ್ಟು ಚಂದ ಬರೋರಿಗೆ ಎರಡನೇದು ಬರಾಕ ಎಷ್ಟು ಹೊತ್ತು?" ಅಂದರು. ಈಗ ಅವರು ಪಾಠ ಶುರು ಮಾಡುವ ಮುಂಚೆ ಒಂದು ಚಿತ್ರ ತೋರಿಸುತ್ತಾರೆ. ನೀಲಾ ಅದನ್ನು ಕೈಯಲ್ಲಿ ಹೇಳಬೇಕು, ಉಳಿದವರು ಬಾಯಲ್ಲಿ ಹೇಳಬೇಕು. ಅವಳ ಕಣ್ಣು ಈಗ ಬರೀ ತುಟಿ ನೋಡುತ್ತಿಲ್ಲವಂತೆ. ಮಾತನ್ನು ಹಿಡಿಯಲು ನೋಡುತ್ತಿದೆಯಂತೆ.

ಭಾಗ್ಯಜ್ಯೋತಿ


ಬಸವನ ಬಾಗೇವಾಡಿ
೨೬ ಆಗಸ್ಟ್ ೨೦೨೪

ಸುನೀತಾ,

ಮಾತಾಡಿದಳು. ಇದನ್ನೇ ಮೊದಲು ಬರೆಯುತ್ತೇನೆ, ನೀನು ಮಿಕ್ಕದ್ದನ್ನು ನಿಧಾನವಾಗಿ ಓದು.

ಇಷ್ಟು ದಿನ ಬಾ, ತಾ, ನೀರು, ಬ್ಯಾಡ ಎಂದು ಒಂದೊಂದೇ ಬಿಡುತ್ತಿದ್ದಳು. ಇವತ್ತು ಬೆಳಿಗ್ಗೆ ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಹಾಲಿನ ಆರಿಫ ಶ್ರಾವಣದ ಗಿರಾಕಿ ಎಲ್ಲ ಮುಗಿಸಿ ತಡವಾಗಿ ಬಂದಿದ್ದಾನೆ. ಹೊರಗೆ ಕಟ್ಟೆಯಿಂದ ಅತ್ತೆಯವರ ದನಿ ಕೇಳಿತು. "ಏ ಆರಿಫಾ, ಇಷ್ಟೊತ್ತು ಎಲ್ಲಿ ಸತ್ತಿದ್ಯೋ? ಹಾಲಿಗೆ ನೀರ ಹಾಕೂತ ಕುಂತಿದ್ದೇನು?" ಎಂದು. ದಿನಾ ಬೈಯುವುದೇ, ನಾನು ಲಕ್ಷ್ಯ ಕೊಡಲಿಲ್ಲ. ಆಮೇಲೆ ನೋಡಿದರೆ ಅತ್ತೆ ನನ್ನ ಹಿಂದೆಯೇ, ದೇವರ ಮುಂದೆ ಕೂತಿದ್ದಾರೆ. ಜಪ ಮಾಡುವ ಕೈ ನಿಂತುಬಿಟ್ಟಿದೆ.

ನಾವಿಬ್ಬರೂ ಓಡಿ ಹೋದೆವು. ಕಟ್ಟೆಯ ಮೇಲೆ ನಿನ್ನ ಮಗಳು ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಾಳೆ. ಆರಿಫ ಹಾಲಿನ ಕ್ಯಾನು ಹಿಡಿದು ನಗುತ್ತಾ ಬಗ್ಗಿದ್ದಾನೆ. "ಆಯೀ, ನಿನಗ ಇನ್ನ ರಿಟೈರ್ಮೆಂಟ್ ಕೊಡಬೌದು. ಜಾಗಾಕ್ಕ ಬ್ಯಾರೆ ಮಂದಿ ಬಂದಾರ," ಅಂದ ಅತ್ತೆಗೆ. ಇಲ್ಲಿ ಅಜ್ಜಿಗೆ ಎಲ್ಲರೂ ಆಯಿ ಅನ್ನುತ್ತಾರೆ.

ಅದೇ ದನಿ, ಅದೇ ಎಳೆತ, "ಎಲ್ಲಿ" ಅನ್ನುವಾಗ ಅತ್ತೆ ಮೂಗಿನಿಂದ ಎಳೆಯುತ್ತಾರಲ್ಲ, ಅದೂ ಸಮೇತ. ನಾನು ದಿನಾ ಕೂರಿಸಿಕೊಂಡು ಆನೆ, ಇಲಿ ಎಂದು ಹೇಳಿಕೊಟ್ಟದ್ದು ಒಂದೂ ಹತ್ತಲಿಲ್ಲ. ಯಾರೂ ಹೇಳಿಕೊಡದೆ ಬಾಗಿಲಲ್ಲಿ ಬಿದ್ದ ಬೈಗುಳ ಮಾತ್ರ ಪೂರ್ತಿ ಹತ್ತಿತು. ಮಕ್ಕಳ ಎದುರು ಇನ್ನು ಹುಷಾರಾಗಿರಬೇಕು ಎಂದು ನನ್ನ ಗಂಡ ಗುರುಲಿಂಗಪ್ಪನವರು ಅಂದರು. ಅತ್ತೆಗೆ ಅದು ಕೇಳಿಸಲೇ ಇಲ್ಲ. ಓಣಿಯ ಎಲ್ಲ ಮನೆಗೂ ಸಕ್ಕರೆ ಹಂಚಲು ಹೋಗಿಬಿಟ್ಟಿದ್ದರು.

ಭಾಗ್ಯಜ್ಯೋತಿ


ತಂಗಡಗಿ
೫ ಸೆಪ್ಟೆಂಬರ್ ೨೦೨೪

ಅಕ್ಕಾ,

ನಾವಿಬ್ಬರೂ ಗುಡಿಗೆ ಹೋಗಿ ಕಾಯಿ ಒಡೆಸಿ ಬಂದೆವು. ಅವರು ದಾರಿಯುದ್ದಕ್ಕೂ ಸೊಂಟದ ಮೇಲೆ ಕೈ ಇಟ್ಟು ನಡೆದು ತೋರಿಸಿದರು. ಜನ ನೋಡಿದರು. ನೋಡಲಿ.

ನಾನು ಕನ್ನಡವನ್ನು ಪುಸ್ತಕದಿಂದ ಕಲಿತವಳು. ಪುಸ್ತಕದಲ್ಲಿ "ಇದೆ" ಎಂದಿರುತ್ತದೆ. ನಿನ್ನ ಪತ್ರದಲ್ಲಿ ಜನ "ಐತಿ" ಎನ್ನುತ್ತಾರೆ. ನಮ್ಮ ಸುತ್ತಲಿನವರು ಹೀಗೆ ಮಾತಾಡುತ್ತಾರೆ ಎಂದು ನನಗೆ ಗೊತ್ತಾದದ್ದು ನಿನ್ನ ಪತ್ರಗಳಿಂದ. ನೀಲಾ ಹೇಳುವುದನ್ನೂ ಹಾಗೇ ಬರೆ. ತಿದ್ದಬೇಡ. ಓದುವಾಗ ನಾನು ಅವಳ ಬಾಯಿಯನ್ನು ಊಹಿಸಿಕೊಳ್ಳುತ್ತೇನೆ.

ದಸರೆಗೆ ಕರೆದುಕೊಂಡು ಬಾ. ಅವಳಿಗಾಗಿ ಹಸಿರು ಪರಕಾರ ಹೊಲಿಯುತ್ತಿದ್ದೇನೆ. ಬೆಳೆದಿರುತ್ತಾಳೆ ಎಂದು ಉದ್ದ ಇಟ್ಟಿದ್ದೇನೆ.

ಸುನೀತಾ


ತಂಗಡಗಿ
೧೬ ಅಕ್ಟೋಬರ್ ೨೦೨೪

ಅಕ್ಕಾ,

ನೀವು ಹಬ್ಬ ಮುಗಿಸಿ ಹೋದ ಮೇಲೆ ಬರೆಯಬಾರದು ಎಂದುಕೊಂಡಿದ್ದೆ. ಬರೆಯುತ್ತಿದ್ದೇನೆ.

ಪರಕಾರ ಸರಿಯಾಯಿತು. ಅವಳು ಅದನ್ನು ಉಟ್ಟು ನನ್ನ ಎದುರು ನಿಂತಳು. ಚೆನ್ನಾಗಿದೆಯಾ ಎಂದು ನಾನು ಕೈಯಲ್ಲಿ ಕೇಳಿದೆ. ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಾಯಿ ಆಡಿಸಿದಳು. ನಾನು ಮತ್ತೆ ಕೇಳಿದೆ. ಮತ್ತೆ ಬಾಯಿ ಆಡಿಸಿದಳು. ಅವಳ ಅಪ್ಪ ಕೇಳಿದಾಗಲೂ ಹಾಗೆಯೇ. ನಾವು ಅವಳ ತುಟಿ ನೋಡುತ್ತಾ ನಿಂತೆವು. ಅವಳಿಗೆ ಬೇಸರವಾಗಿ ಹೊರಗೆ ಓಡಿದಳು.

ಮೂರು ದಿನ ಇದ್ದಳು. ನಮ್ಮಿಬ್ಬರ ಜೊತೆ ಒಂದು ಮಾತೂ ಆಡದೆ ಹೋದಳು.

ಅವಳು ಮಾತು ಕಲಿತಳು. ಸಾಕು. ದೀಪಾವಳಿ ಆದ ಮೇಲೆ ಅವರು ಬಂದು ಕರೆದುಕೊಂಡು ಬರುತ್ತಾರೆ. ಸಿಟ್ಟಿನಿಂದ ಬರೆದಿಲ್ಲ. ಸಿಟ್ಟು ಬಂದಿದ್ದರೆ ಇಷ್ಟು ಹೊತ್ತಿಗೆ ಹೋಗಿರುತ್ತಿತ್ತು.

ಸುನೀತಾ


ಬಸವನ ಬಾಗೇವಾಡಿ
೨೨ ಅಕ್ಟೋಬರ್ ೨೦೨೪

ಸುನೀತಾ,

ನಿನ್ನ ಪತ್ರ ಓದಿ ನೀಲಾಳನ್ನು ಕೂರಿಸಿಕೊಂಡು ಕೇಳಿದೆ, ಅವ್ವನ ಮುಂದೆ ಕೈ ಯಾಕೆ ಬಚ್ಚಿಟ್ಟೆ ಎಂದು. ತಿದ್ದಬೇಡ ಎಂದಿದ್ದೀ, ಅವಳು ಹೇಳಿದ ಹಾಗೇ ಬರೆಯುತ್ತೇನೆ.

"ಕೈ ಮಾಡಿದ್ರ ಮಂದಿ ಮೂಗಿ ಅಂತಾರ. ನಾ ಮೂಗಿ ಅಲ್ಲ. ಆಯಿ ಹೇಳ್ಯಾಳ."

ಅತ್ತೆ ಅಲ್ಲೇ ಕಡಲೆ ಆರಿಸುತ್ತಿದ್ದರು. ಮೊರದಲ್ಲಿ ಹಾಕಿದ ಕೈ ಹಾಗೇ ಇಟ್ಟುಕೊಂಡು ಅಂದರು, "ಹೌದು, ನಾನ ಹೇಳೇನಿ. ಓಣ್ಯಾಗಿನ ಪೋರಗೋಳು ಕಾಡತಿದ್ವು. ಕೂಸು ಅಳೂದು ನೋಡಾಕ ಆಗಲಿಲ್ಲ. ಮುದ್ದ ಮಾಡಿ ಹೇಳೇನಿ, ಹೊಡದ ಹೇಳಿಲ್ಲ."

"ಅತ್ತಿ, ಅಕಿ ಅವ್ವಗ ಬ್ಯಾರೆ ಮಾತು ಬರೂದಿಲ್ರಿ," ಅಂದೆ.

ಅವರು ಬಹಳ ಹೊತ್ತು ಏನೂ ಹೇಳಲಿಲ್ಲ. ಈ ಮನೆಗೆ ನಾನು ಸೊಸೆಯಾಗಿ ಬಂದ ಮೇಲೆ ಅಂಥದ್ದು ನೋಡಿರಲಿಲ್ಲ. ಆಮೇಲೆ ನೀಲಾಳನ್ನು ಹತ್ತಿರ ಎಳೆದುಕೊಂಡು, "ಕಡಲಿಗೆ ನಿಮ್ಮವ್ವ ಹೆಂಗ ಅಂತಾಳ? ತೋರಸು," ಅಂದರು.

ಅವಳು ತೋರಿಸಲಿಲ್ಲ. ಅಂಗೈ ಬಿಗಿಹಿಡಿದು ನನ್ನ ಮುಖ ನೋಡಿದಳು, ಇದರಲ್ಲಿ ಮೋಸವಿದೆಯೇ ಎನ್ನುವ ಹಾಗೆ.

ನಿನ್ನಲ್ಲಿ ಒಂದೇ ಬೇಡುತ್ತೇನೆ. ಈಗ ಕರೆದುಕೊಂಡು ಹೋಗಬೇಡ. ಹೀಗೆ ಬಿಗಿದ ಕೈಯಿಂದ ಅವಳು ನಿನ್ನ ಮನೆಗೆ ಬರಬಾರದು. ಸಂಕ್ರಾಂತಿ ಆದ ಮೇಲೆ ಶಾಲೆಯಲ್ಲಿ ಪಾಲಕರ ಸಭೆ ಇದೆ, ಇಬ್ಬರೂ ಬನ್ನಿ. ನಾವು ಅವ್ವ ಅಪ್ಪ ಅಲ್ಲ, ಸಭೆಯಲ್ಲಿ ಕೂರಬೇಕಾದವರು ನೀವು. ಅಲ್ಲಿಯವರೆಗೆ ನಾನು ಹೆಚ್ಚು ಬರೆಯುವುದಿಲ್ಲ. ಕೈಗೆ ಬೇರೆ ಕೆಲಸವಿದೆ.

ಭಾಗ್ಯಜ್ಯೋತಿ


ತಂಗಡಗಿ
೨೧ ಜನವರಿ ೨೦೨೫

ಅಕ್ಕಾ,

ನಿನ್ನೆ ಊರು ತಲುಪಿದೆವು. ನೀನೇ ಇದ್ದೆ, ಆದರೂ ಬರೆಯುತ್ತೇನೆ. ನಾನು ನೋಡಿದ್ದನ್ನು ನೀನು ನೋಡಿಲ್ಲ.

ಶಾಲೆಗಳ ಸಭೆ ಹೇಗಿರುತ್ತದೆ ಎಂದು ನನಗೆ ಗೊತ್ತು. ಎಲ್ಲರೂ ನಗುವಾಗ ನಾವೂ ನಗಬೇಕು, ಎಲ್ಲರೂ ಎದ್ದಾಗ ಏಳಬೇಕು. ಆ ಸಿದ್ಧತೆ ಮಾಡಿಕೊಂಡೇ ಬಂದಿದ್ದೆ. ನಮ್ಮ ಸರದಿ ಬಂದಾಗ ಸಗೀರಾ ಟೀಚರ್ ನೀಲಾಳನ್ನು ನಡುವೆ ನಿಲ್ಲಿಸಿದರು. ತಾವು ಹೇಳುವುದನ್ನು ನಮಗೆ ಕೈಯಲ್ಲಿ ತಿಳಿಸಲು ಹೇಳಿದರು. ಅವಳು ಕೈ ಎತ್ತುತ್ತಾಳೋ ಇಲ್ಲವೋ ಎಂದು ನಾನು ಕಾದೆ.

ಎತ್ತಿದಳು. ಎಲ್ಲರ ಎದುರಿಗೆ, ಭುಜದ ಎತ್ತರಕ್ಕೆ. ಟೀಚರ್ ತುಂಬ ಹೊತ್ತು ಮಾತಾಡಿದರು. ಅವಳು ನಮಗೆ ಹೇಳಿದಳು, "ನೀಲಾ ತುಂಬ ಜಾಣೆ ಎಂದು ಟೀಚರ್ ಹೇಳುತ್ತಾರೆ. ದಿನಾ ಬರೆಯುತ್ತಾಳೆ. ಯಾರ ಜೊತೆಯೂ ಜಗಳವಿಲ್ಲ." ಅವಳ ಅಪ್ಪ ಎದೆ ಉಬ್ಬಿಸಿ ಸುತ್ತ ನೋಡಿದರು.

ಆಗ ನೀನು ಹಿಂದಿನ ಬೆಂಚಿನಿಂದ ಎದ್ದು ಬಂದೆ. ನನ್ನ ಎದುರು ನಿಂತು ಕೈ ಎತ್ತಿದೆ. "ಸುಳ್ಳು. ಇವಳು ಮನೆಯಲ್ಲಿ ಬರೆಯುವುದಿಲ್ಲ. ಗೆಳತಿಯ ಬೆಂಡೆಕಾಯಿ ಕಚ್ಚಿ ಮುರಿದಳು. ಲೆಕ್ಕ ಮಾತ್ರ ಬಹಳ ಚೆಂದ."

ಅಮಿತ ಓಡಿ ಬಂದು ಬೆಂಡೆಕಾಯಿ ಅಲ್ಲ, ಪೆನ್ಸಿಲ್ ಎಂದು ನಿನ್ನ ಬೆರಳು ತಿದ್ದಿದ. ಅಷ್ಟರಲ್ಲಿ ನೀಲಾಳ ಅಪ್ಪ ನಕ್ಕು ನಕ್ಕು ಬೆಂಚು ಹಿಡಿದುಕೊಂಡಿದ್ದರು. ನೀಲಾಳ ಮುಖ ನೋಡಬೇಕಿತ್ತು. ತನ್ನ ಗುಟ್ಟಿನ ಮಾತನ್ನು ದೊಡ್ಡವ್ವ ಕದ್ದಳು ಎನ್ನುವ ಹಾಗೆ ನಿಂತಿದ್ದಳು. ಶೇವಂತೆವ್ವನವರೂ ಬಾಗಿಲಲ್ಲಿ ನಿಂತು ನನಗೆ ಏನೋ ಹೇಳಿದರು. ಅವರ ಕೈ ಬಹಳ ವೇಗ. ಅರ್ಧ ತಿಳಿಯಲಿಲ್ಲ. ಬೈದಿರಬೇಕು.

ಅಕ್ಕಾ, ನಾನು ನಗುತ್ತಿದ್ದೆ, ಆಮೇಲೆ ಅಳುತ್ತಿದ್ದೆ. ನೀನು ಹೆದರಿದೆ. ಕಾರಣ ಇದು. ಹುಟ್ಟಿದಂದಿನಿಂದ ನಿನ್ನ ಜೊತೆ ಬೆಳೆದೆ, ಸಾಲೋಟಗಿಯ ನಮ್ಮ ತವರುಮನೆಯಲ್ಲಿ ಒಂದೇ ತಟ್ಟೆಯಲ್ಲಿ ಉಂಡೆ. ಕಾಗದ ಇಲ್ಲದೆ ನೀನು ನನಗೆ ಹೇಳಿದ ಮೊದಲ ಮಾತು ಅದು.

ಈಗ ನಮ್ಮ ನಿರ್ಧಾರ ಕೇಳು. ಅವರೂ ನಾನೂ ಬಸ್ಸಿನಲ್ಲಿ ಬರುವಾಗಲೇ ಮಾಡಿದೆವು. ಬೇಸಿಗೆ ರಜೆಯ ಹೊತ್ತಿಗೆ ಹೊಲದ ಮನೆ ಬಿಟ್ಟು ಊರೊಳಗೆ ಬರುತ್ತೇವೆ. ಅಲ್ಲಿ ನನ್ನ ಗೆಳತಿ ಅಮೀನಾಬಿಯ ಮನೆಯ ಪಕ್ಕ ಒಂದು ಮನೆ ಇದೆ. ಆ ಓಣಿಯಲ್ಲಿ ಬಾಗಿಲಿಗೊಬ್ಬರಂತೆ ಮಕ್ಕಳು. ನೀಲಾಳ ಅಪ್ಪ ಹೊಲಕ್ಕೆ ಗಾಡಿಯಲ್ಲಿ ಹೋಗಿ ಬರುತ್ತಾರೆ. ಮಾತು ಇರುವ ಕಡೆಗೆ ಮಗಳನ್ನು ಕಳಿಸಿದ್ದೆವು. ಈ ಸಲ ನಾವೇ ಹೋಗುತ್ತೇವೆ, ಅವಳ ಜೊತೆಗೆ. ಅವಳು ನಮ್ಮಲ್ಲಿ ಇರಲಿ.

ಒಪ್ಪುತ್ತೀಯಾ?

ಸುನೀತಾ


ಬಸವನ ಬಾಗೇವಾಡಿ
೩ ಫೆಬ್ರವರಿ ೨೦೨೫

ಪ್ರೀತಿಯ ಸುನೀತಾ,

ಒಪ್ಪುವುದಕ್ಕೆ ಇಷ್ಟು ದಿನ ಹಿಡಿಯಿತು. ಒಪ್ಪಿದೆ.

ಸಭೆಗೆ ಮುಂಚೆ ನಿನಗೆ ಏನೂ ಬರೆಯಲಿಲ್ಲ, ಈಗ ಬರೆಯುತ್ತೇನೆ. ಮೊದಲ ವಾರ ನೀಲಾ ಏನನ್ನೂ ಕಲಿಸಲಿಲ್ಲ. ಅಮಿತನೇ ನಮಗೆ ಮಾಸ್ತರನಾದ. ನಾವು ಊಟದ ಹೊತ್ತಿಗೆ ಬಾಯಿ ಮುಚ್ಚಿ ಕೈಯಲ್ಲೇ ಮಾತಾಡಬೇಕು ಎಂದು ನಿಯಮ ಮಾಡಿದೆವು. ಅತ್ತೆಗೆ ಅದು ಉಪವಾಸಕ್ಕಿಂತ ಕಷ್ಟ. ನಾವು ಅಷ್ಟು ತಪ್ಪು ಮಾಡುತ್ತಿದ್ದೆವೆಂದರೆ ನೀಲಾಳಿಗೆ ನೋಡಲಾಗಲಿಲ್ಲ. ಒಂದು ದಿನ ಅತ್ತೆ ಉಪ್ಪು ಕೇಳಲು ಹೋಗಿ ಎಮ್ಮೆ ಕೇಳಿದರು. ನೀಲಾ ತಟ್ಟೆ ಸರಿಸಿ ಎದ್ದು ಬಂದು ಅವರ ಬೆರಳು ಹಿಡಿದು ಸರಿಮಾಡಿದಳು. "ಹಿಂಗ, ಆಯಿ. ಎಷ್ಟ ಸಲ ಹೇಳಬೇಕ ನಿನಗ," ಅಂದಳು. ಅವತ್ತಿನಿಂದ ಕೈ ಬಿಚ್ಚಿತು.

ನಮ್ಮ ಮನೆಯಲ್ಲಿ ಎಲ್ಲರಿಗಿಂತ ಬೇಗ ಕಲಿತವರು ಯಾರು ಗೊತ್ತೇ? ನನ್ನ ಗಂಡ. ಬಾಯಲ್ಲಿ ಎರಡು ಮಾತಿಗೆ ಸುಸ್ತಾಗುವ ಮನುಷ್ಯ ಕೈಯಲ್ಲಿ ಕಥೆಗಳನ್ನೇ ಹೇಳುತ್ತಾರೆ. ಇಂಡಿ ಊರಿನ ಸಂತೆಯಲ್ಲಿ ಹೋರಿ ತಪ್ಪಿಸಿಕೊಂಡ ಕಥೆಯನ್ನು ಅವರ ಕೈಯಲ್ಲೇ ನೋಡಬೇಕು. ಇಷ್ಟು ವರ್ಷ ಇವರಲ್ಲಿ ಇಷ್ಟೊಂದು ಇತ್ತೆಂದು ನನಗೆ ಗೊತ್ತಿರಲಿಲ್ಲ.

ನೀವು ಓಣಿಗೆ ಬರುವುದನ್ನು ಅತ್ತೆಗೆ ಹೇಳಿದೆ. ಮೊದಲು ಮುಖ ತಿರುಗಿಸಿದರು. ಆಮೇಲೆ, "ಕರಕೊಂಡ ಹೋಗಲಿ. ಅವ್ವ ಅಪ್ಪನ ಕೂಸು. ಆದ್ರ ಆ ಓಣ್ಯಾಗ ಹಾಲು ಯಾರು ಹಾಕ್ತಾರ, ಹೆಂಗದಾರ ಕೇಳ," ಅಂದರು. ಕೇಳಿ ಬರೆ. ಅವರು ಹಾಲಿನ ವಿಷಯ ಕೇಳುತ್ತಿಲ್ಲ ಎಂದು ನಿನಗೂ ತಿಳಿಯುತ್ತದೆ.

ಭಾಗ್ಯಜ್ಯೋತಿ


ತಂಗಡಗಿ
೪ ಜೂನ್ ೨೦೨೫

ಅಕ್ಕಾ,

ಇಂದು ನೀಲಾಳನ್ನು ಇಲ್ಲಿಯ ಶಾಲೆಗೆ ಎರಡನೇ ತರಗತಿಗೆ ಸೇರಿಸಿದೆವು. ಅಮೀನಾಬಿಯೂ ಜೊತೆಗೆ ಬಂದಿದ್ದಳು. ಅಲ್ಲಿ ನಡೆದ ಮಾತನ್ನೆಲ್ಲ ಅವಳು ಮಗಳ ಕೈಯಲ್ಲಿ ಬರೆಸಿ ಕೊಟ್ಟಿದ್ದಾಳೆ, ಒಂದನ್ನೂ ತಿದ್ದದೆ. ಅದನ್ನು ನೋಡಿಕೊಂಡೇ ಬರೆಯುತ್ತಿದ್ದೇನೆ.

ಹೆಡ್ ಮಾಸ್ತರರು ಹೆಸರು, ಹುಟ್ಟಿದ ದಿನ ಎಲ್ಲ ಕೇಳಿ ಬರೆದುಕೊಂಡರು. ನಾನು ಬರೆದು ತೋರಿಸಿದೆ. ಒಂದು ಕಡೆ ಅವರು ಯಾರನ್ನೂ ಕೇಳದೆ ತಾವೇ ಬರೆದರು. ನೀಲಾ ಮೇಜಿನ ಅಂಚಿಗೆ ಗದ್ದ ಇಟ್ಟು ಓದುತ್ತಿದ್ದಳು.

"ಸರ್, ಇಲ್ಲೆ ಏನ್ ಬರದ್ರಿ?" ಅಂದಳು.

"ಮಾತೃಭಾಷೆ, ಕನ್ನಡ. ಯಾಕವಾ?"

"ಮಾತೃ ಅಂದ್ರ?"

"ತಾಯಿ. ನಿಮ್ಮವ್ವನ ಭಾಷಾ ಯಾವುದು ಅಂತ."

"ಹಂಗಾದ್ರ ತಪ್ಪ್ರಿ," ಅಂದಳು. "ಕನ್ನಡ ನಮ್ಮ ಆಯಿದು, ಬಾಗೇವಾಡ್ಯಾಗಿನ ಆಯಿದು. ನಮ್ಮವ್ವಂದು ಇದು." ಎರಡೂ ಕೈ ಎತ್ತಿ ತೋರಿಸಿದಳು.

ಮಾಸ್ತರರು ಪೆನ್ನು ಹಿಡಿದು ನನ್ನನ್ನು ನೋಡಿದರು, ಅವಳ ಅಪ್ಪನನ್ನು ನೋಡಿದರು, ಮತ್ತೆ ಅವಳನ್ನು ನೋಡಿದರು. ನಾನು ಹೆದರಿದೆ, ಏನೋ ತಪ್ಪು ಮಾಡಿದ್ದಾಳೆ ಎಂದು. ಏನಾಯಿತು ಎಂದು ಕೇಳಿದೆ. ಅವಳು ನನಗೆ ಕೈಯಲ್ಲಿ ಎಲ್ಲ ಹೇಳಿದಳು. ಮಾಸ್ತರರು ಅದನ್ನೂ ನೋಡುತ್ತಾ ಕುಳಿತರು. ಯಾರೂ ನಮ್ಮನ್ನು ಅಷ್ಟು ಹೊತ್ತು ಹಾಗೆ ನೋಡಿರಲಿಲ್ಲ, ಕನಿಕರವಿಲ್ಲದೆ, ಬರಿಯ ಆಸಕ್ತಿಯಿಂದ.

ಆಮೇಲೆ "ಕನ್ನಡ" ಎಂದು ಬರೆದದ್ದನ್ನು ಹೊಡೆದು, ಹಾಳೆಯನ್ನು ನನ್ನ ಕಡೆ ತಿರುಗಿಸಿ, ಪೆನ್ನನ್ನು ನನ್ನ ಕೈಗೆ ಕೊಟ್ಟರು. ಜಾಗ ಸಣ್ಣದಿತ್ತು. ಸನ್ನೆ ಭಾಷೆ ಎಂದು ಬರೆದೆ, ಅಕ್ಕಾ. ದುಂಡಗೆ ಬರೆದೆ.

ನಿನ್ನ ತಂಗಿ,
ಸುನೀತಾ